ದಿವಾನರ ಚಿನ್ನದ ವಾಚು

ಹತ್ತು ಗಂಟೆಯ ಸಮಾರಂಭಕ್ಕೆ ಮಂತ್ರಿಗಳು ಒಂದೂಕಾಲಿಗೆ ಬಂದರು. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ದಿವಾನ್ ತಿಮ್ಮರಸಯ್ಯನವರ ಚಿನ್ನದ ವಾಚು ಅವರ ಕಣ್ಣಿಗೆ ಬಿತ್ತು.

"ಇದನ್ನ ಕಟ್ಕೊಂಡೇ ಭಾಷಣ ಮಾಡ್ತೀನಿ. ತೆಗೀರಿ."

ಹಿಂದಿನ ಮಂತ್ರಿ ಹೀಗೆಯೇ ಹಿಡಿದುಕೊಂಡು ಹೋದ ದಿವಾನರ ಊರುಗೋಲು ಇನ್ನೂ ವಾಪಸು ಬಂದಿಲ್ಲ. ಪೆಟ್ಟಿಗೆಯ ಬೀಗದ ಕೈ ಇದ್ದದ್ದು ಅಟೆಂಡರ್ ಚೌಡಯ್ಯನ ಬಳಿ. ವಾಚು ಹೋದರೆ ಅವನ ಕೆಲಸವೂ ಹೋಗುತ್ತದೆ. ಸಂಗ್ರಹಾಲಯದ ನಿರ್ದೇಶಕರು ಗೋಡೆ ನೋಡುತ್ತ ನಿಂತರು.

ಚೌಡಯ್ಯ ತಡಮಾಡದೆ ಬೀಗ ತೆಗೆದ. "ಕಟ್ಕೊಳ್ಳಿ ಸ್ವಾಮಿ. ಕ್ಷಮೆ ಕೇಳೋದು ಭಾಷಣಕ್ಕೆ ಮುಂಚೆನೋ, ಆಮೇಲೋ?"

"ಯಾವ ಕ್ಷಮೆ?"

"ದಿವಾನರು ಐದು ನಿಮಿಷ ತಡವಾದ್ರೂ ಈ ವಾಚು ಬಿಚ್ಚಿ ಮೇಜಿನ ಮೇಲಿಟ್ಟು, ಜನಕ್ಕೆ ಕೈಮುಗಿದು, ತಪ್ಪಾಯ್ತು ಅಂತಿದ್ರಂತೆ. ವಾಚು ಕಂಡ್ರೆ ಜನ ಅದನ್ನೇ ಕಾಯ್ತಾರೆ. ಪತ್ರಿಕೆಯವರು ಮುಂದಿನ ಸಾಲಲ್ಲೇ ಕೂತವ್ರೆ."

ಮಂತ್ರಿಗಳು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡರು. "ಹಳೇ ವಸ್ತು ಕಣಯ್ಯ, ಹಂಗೆಲ್ಲ ಹೊರಗೆ ತೆಗೀಬಾರ್ದು" ಎಂದು ಅವನಿಗೇ ಬುದ್ಧಿ ಹೇಳಿ ವೇದಿಕೆಗೆ ನಡೆದರು.

"ಈ ಕಥೆ ಎಲ್ಲಿ ಓದಿದ್ದೆ?" ನಿರ್ದೇಶಕರು ಕೇಳಿದರು.

"ಎಲ್ಲೂ ಓದಿಲ್ಲ ಸಾರ್. ಈಗ ಹೊಳೀತು."

ಮುಂದಿನ ವಾರ ನಿರ್ದೇಶಕರು ಆ ಕಥೆಯನ್ನು ದಪ್ಪ ಅಕ್ಷರದಲ್ಲಿ ಪೆಟ್ಟಿಗೆಯ ಪಕ್ಕದ ಫಲಕದಲ್ಲಿ ಬರೆಸಿದರು. ಆಮೇಲೆ ಬಂದ ಮೂವರು ಮಂತ್ರಿಗಳೂ ಅದನ್ನು ಓದಿ, ಕೈ ಹಿಂದಕ್ಕೆ ಕಟ್ಟಿಕೊಂಡು ಮುಂದೆ ಹೋದರು.