ಬೆನ್ನ ಹಿಂದಿನ ಸೊಟ್ಟ ಗಡಿಗೆ

ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು ನಾನು. ಕೈಬರಹ ನೆಟ್ಟಗಿಲ್ಲ, ಮಾತಿನ ಭಂಡಾರವೂ ಸಣ್ಣದು. ಕತೆಯೆಂದು ಬರೆಯಲು ಕುಳಿತದ್ದು ಇದೇ ಮೊದಲು. ಅಕ್ಷರ ವಾರೆಯಾದಲ್ಲಿ ದಯವಿಟ್ಟು ತಾಳ್ಮೆಯಿಂದ ಓದಬೇಕು.

"ಗುರುಗಳೇ, ನನಗೆ ಅಭಿಪ್ರಾಯವೇ ಇಲ್ಲದಿರುವಾಗ ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಲಿ?"

ಹೀಗೆ ಕೇಳಿದವಳು ದಾಕ್ಷಾಯಣಿ. ಆಸ್ಪತ್ರೆಯ ವೃದ್ಧರ ವಾರ್ಡಿನಲ್ಲಿ ಹನ್ನೊಂದು ವರ್ಷಗಳಿಂದ ನರ್ಸ್ ಆಗಿದ್ದಳು. ಹೊರದೇಶದ ಒಂದು ಆಸ್ಪತ್ರೆ ಅವಳಿಗೆ ಕೆಲಸ ಕೊಡಲು ಒಪ್ಪಿತ್ತು. ಆದರೆ ಇಂಗ್ಲಿಷ್ ಮಾತಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಿತ್ತು. ಎರಡು ಸಲ ಸೋತಿದ್ದಳು. ಐದು ದಿನ ಬಿಟ್ಟು ಮೂರನೆಯ ಸಲ. ಈ ಸಲವೂ ಸೋತರೆ ಆ ಕೆಲಸ ಬೇರೆಯವರ ಪಾಲು.

"ಹೋದ ಸಲ ಪರೀಕ್ಷೆಯಲ್ಲಿ ಏನು ಕೇಳಿದರು?" ಎಂದರು ರುದ್ರಯ್ಯ ಮೇಷ್ಟರು. ಅವರು ಅವಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ ಹಿರಿಯರು.

"ವಯಸ್ಸಾದವರನ್ನು ಮನೆಯಲ್ಲಿ ನೋಡಿಕೊಳ್ಳುವುದು ಮೇಲೋ, ಆಸ್ಪತ್ರೆಯಲ್ಲೋ ಎಂದು. ಕೆಲವರು ಹೀಗೆನ್ನುತ್ತಾರೆ, ಕೆಲವರು ಹಾಗೆನ್ನುತ್ತಾರೆ ಎಂದೆ. ಪರೀಕ್ಷೆಯ ಪುಸ್ತಕದಲ್ಲಿ ಹಾಗೇ ಇತ್ತು. ಪರೀಕ್ಷೆ ಮಾಡುತ್ತಿದ್ದಾಕೆ ಪೆನ್ನು ಕೆಳಗಿಟ್ಟು, 'ಸರಿ, ನೀವು ಏನೆನ್ನುತ್ತೀರಿ?' ಎಂದರು. ನನ್ನ ಬಾಯಿ ಕಟ್ಟಿಹೋಯಿತು. ನನ್ನನ್ನು ಯಾರು ಯಾವಾಗ ಹಾಗೆ ಕೇಳಿದ್ದಾರೆ, ಗುರುಗಳೇ?"

ಮೇಷ್ಟರು ಒಂದು ಕತೆ ಹೇಳಿದರು.

ಒಬ್ಬಳು ಕುಂಬಾರಗಿತ್ತಿ ಇದ್ದಳು. ಗಂಡ ಮಾಡಿದ ಗಡಿಗೆಗಳನ್ನು ಸಂತೆಗೆ ತಂದು ಮಾರುತ್ತಿದ್ದಳು. ಕೊಳ್ಳುವವರು ಏನೆಂದರೂ ಹೌದೆನ್ನಬೇಕು ಎಂದು ಅವಳಿಗೆ ಮನೆಯವರು ಹೇಳಿಕೊಟ್ಟಿದ್ದರು. ಒಬ್ಬನು ಕರಿ ಗಡಿಗೆಯೇ ಒಳ್ಳೆಯದು ಎಂದರೆ ಹೌದೆನ್ನುವಳು. ಮತ್ತೊಬ್ಬನು ಕೆಂಪು ಗಡಿಗೆಯೇ ಒಳ್ಳೆಯದು ಎಂದರೆ ಅದಕ್ಕೂ ಹೌದೆನ್ನುವಳು.

ಒಂದು ಸಂತೆಯ ದಿನ ಆ ಇಬ್ಬರೂ ಒಟ್ಟಿಗೇ ಬಂದರು. ಅವಳು ಇಬ್ಬರಿಗೂ ತಲೆಯಾಡಿಸಿದಳು. ಒಬ್ಬನು ಗಡಿಗೆಯನ್ನು ಬೆರಳ ಗೆಣ್ಣಿನಿಂದ ಬಡಿದು ನಕ್ಕನು. "ಏನಮ್ಮಾ, ಬಡಿದರೆ ಇದಾದರೂ ತನ್ನದೊಂದು ದನಿ ಕೊಡುತ್ತದೆ. ನಿನ್ನದೆಲ್ಲಿ?"

ಇಬ್ಬರೂ ಕೊಳ್ಳದೆ ಹೋದರು. ಹೊತ್ತು ತಂದದ್ದನ್ನು ಹೊತ್ತುಕೊಂಡೇ ಹಿಂದಿರುಗುವುದು ಅವಳಿಗೆ ರೂಢಿಯಾಗಿತ್ತು.

ಮಧ್ಯಾಹ್ನ ಒಬ್ಬ ಮುದುಕಿ ಬಂದಳು. "ಯಾವುದು ಒಳ್ಳೆಯದು, ಮಗಳೇ?" ಎಂದಳು.

"ಎಲ್ಲವೂ ಒಳ್ಳೆಯವೇ ಅಂತಾರೆ, ಅಜ್ಜೀ."

"ಅನ್ನುವವರು ಅನ್ನಲಿ. ನಿನ್ನ ಬೆನ್ನ ಹಿಂದೆ ಸೆರಗು ಮುಚ್ಚಿ ಇಟ್ಟಿದ್ದೀಯಲ್ಲ, ಅದೇನು?"

ಕುಂಬಾರಗಿತ್ತಿ ನಾಚಿದಳು. ಅದು ಅವಳು ಮನೆಯಿಂದ ಅಂಬಲಿ ತಂದಿದ್ದ ಗಡಿಗೆ. "ಅದು ಸೊಟ್ಟದ್ದು, ಅಜ್ಜೀ. ಆವಿಗೆಯಲ್ಲಿ ಸುಡುವಾಗ ಬಾಯಿ ವಾರೆಯಾಯಿತು. ಮಾರಾಟವಾಗದ್ದೇ ನಮ್ಮ ಒಲೆಯ ಮೇಲೆ ಏರುವುದು. ಅದನ್ನು ನಾಲ್ಕು ಜನರಿಗೆ ತೋರಿಸುತ್ತಾರೆಯೇ?"

"ಒಲೆಯ ಮೇಲೆ ಅದು ಹೇಗೆ?"

ಹಾಗೆ ಅವಳನ್ನು ಯಾರೂ ಕೇಳಿರಲಿಲ್ಲ. ಅವಳು ಗಡಿಗೆಯನ್ನು ಮುಂದಕ್ಕೆ ತಂದು ತೊಡೆಯ ಮೇಲಿಟ್ಟುಕೊಂಡಳು.

"ನನಗಂತೂ ಇದೇ ಮೇಲು, ಅಜ್ಜೀ. ಇದರ ತಳ ದಪ್ಪ. ನಿಧಾನವಾಗಿ ಕಾಯುತ್ತದೆ, ಕಾದ ಮೇಲೆ ಬೇಗ ಆರುವುದಿಲ್ಲ. ನನ್ನ ಅತ್ತೆ ಹಾಸಿಗೆ ಹಿಡಿದಾಗ ಗಂಜಿ ಬಿಟ್ಟು ಬೇರೇನೂ ಸೇರುತ್ತಿರಲಿಲ್ಲ. ಇದನ್ನು ಒಲೆಗಿಟ್ಟು ನಾನು ಅವರ ಪಕ್ಕದಲ್ಲಿ ಕುಳಿತಿರುತ್ತಿದ್ದೆ. ಎದ್ದು ಬರುವುದು ತಡವಾದರೂ ಒಂದು ದಿನವೂ ತಳ ಹಿಡಿಯಲಿಲ್ಲ. ಕೊನೆಯ ತುತ್ತೂ ಬೆಚ್ಚಗೇ ಇತ್ತು."

ಹೇಳಿ ಮುಗಿಸಿದ ಮೇಲೆ, ಇಷ್ಟು ಹೊತ್ತು ಮಾತನಾಡಿದ್ದು ತಾನೇ ಎಂದು ಅವಳಿಗೆ ತಿಳಿಯಿತು.

"ಅಂಥ ತಳದ್ದನ್ನೇ ನನಗೂ ಕೊಡು. ನನ್ನ ಮುದುಕನಿಗೂ ಈಗ ಗಂಜಿಯೇ," ಎಂದಳು ಮುದುಕಿ.

ಕುಂಬಾರಗಿತ್ತಿ ರಾಶಿಗೆ ಕೈ ಹಾಕಿ ಎರಡು ಗಡಿಗೆಗಳನ್ನು ಎತ್ತಿ ತೂಗಿ ಬದಿಗಿಟ್ಟಳು. ಮೂರನೆಯದನ್ನು ತಡವರಿಸದೆ ಮುದುಕಿಯ ಕೈಗೆ ಕೊಟ್ಟಳು.

ಮೇಷ್ಟರು ಕತೆ ನಿಲ್ಲಿಸಿದರು. ಗಂಜಿಯ ಮಾತು ಬಂದಾಗಿನಿಂದ ದಾಕ್ಷಾಯಣಿ ತಲೆ ಎತ್ತಿರಲಿಲ್ಲ. ಅವಳ ವಾರ್ಡಿನ ಏಳನೆಯ ಹಾಸಿಗೆಯಲ್ಲಿ ಒಬ್ಬ ಅಜ್ಜ ಇದ್ದರು. ಅವಳ ಕೈಯಿಂದಲ್ಲದೆ ಅವರು ಗಂಜಿ ಕುಡಿಯುತ್ತಿರಲಿಲ್ಲ. ದಿನವೂ ಒಂದೇ ಮಾತು ಕೇಳುತ್ತಿದ್ದರು, ಮನೆಗೆ ಯಾವಾಗ ಕಳಿಸುತ್ತೀಯವ್ವಾ ಎಂದು.

"ಆದರೂ ಗುರುಗಳೇ," ಎಂದಳು, "ಅಷ್ಟು ದೊಡ್ಡ ಪ್ರಶ್ನೆಗೆ ನನ್ನಂಥವಳ ಬಳಿ ಏನಿರುತ್ತದೆ?"

ಮೇಷ್ಟರು ಅವಳ ತಲೆಯ ಮೇಲೆ ಕೈಯಿಟ್ಟರು.

"ಹನ್ನೊಂದು ವರ್ಷ ಮುದುಕರ ಬಾಯಿಗೆ ಗಂಜಿ ಕೊಟ್ಟವಳು ನೀನು, ತಾಯೀ, ಆ ಸೊಟ್ಟ ಗಡಿಗೆಯನ್ನು ಬೆನ್ನ ಹಿಂದೆ ಏಕೆ ಬಚ್ಚಿಟ್ಟೆ?"

ದಾಕ್ಷಾಯಣಿ ತೊಡೆಯ ಮೇಲೆ ತೆರೆದಿದ್ದ ಪುಸ್ತಕವನ್ನು ಮೆಲ್ಲನೆ ಮುಚ್ಚಿದಳು.

ನನಗೆ ತಿಳಿದಷ್ಟನ್ನು ಬರೆದಿದ್ದೇನೆ. ತಪ್ಪಿದ್ದರೆ ಓದಿದವರು ಮನ್ನಿಸಬೇಕು.