ಮಿನೋರಿಯ ಎಡಗಡೆ

ಉತ್ತರ ಜಪಾನಿನಲ್ಲಿ ಒಂದು ಹೊಳೆ. ಹೊಳೆಯ ದಂಡೆಯಲ್ಲಿ ಮಕ್ಕಳಿಲ್ಲದೆ ಮುಚ್ಚಿಹೋದ ಒಂದು ಶಾಲೆ. ಆ ಶಾಲೆಯ ವ್ಯಾಯಾಮದ ಹಾಲಿನಲ್ಲಿ ಕಿಯೋ ಎಂಬ ಗುರು ಬ್ಯಾಡ್ಮಿಂಟನ್ ಕಲಿಸುತ್ತಿದ್ದರು. ಹಾಲಿಗೆ ಅಂಟಿದ ಕೋಣೆಯೇ ಅವರ ಮನೆ.

ಅವರಿಗೆ ಎಪ್ಪತ್ತನಾಲ್ಕು ವರ್ಷ. ಜ್ಞಾನಿ ಎಂದು ಸುತ್ತಮುತ್ತ ಹೆಸರಿತ್ತು. ಕಡಿಮೆ ಮಾತಾಡುವವರಿಗೆ ಆ ಹೆಸರು ಬೇಗ ಬರುತ್ತದೆ.

ನವೆಂಬರಿನ ಒಂದು ಶುಕ್ರವಾರ ಅವರ ಹಳೆಯ ಶಿಷ್ಯೆ ನಾಗಿಸಾ ಬಂದಳು. ಇಪ್ಪತ್ತೊಂಬತ್ತು ವರ್ಷದವಳು, ಮಹಿಳೆಯರ ಡಬಲ್ಸ್‌ನಲ್ಲಿ ದೇಶಕ್ಕೇ ಗೊತ್ತಿದ್ದ ಆಟಗಾರ್ತಿ. ಬಾಗಿಲಲ್ಲಿ ಶೂ ಬಿಚ್ಚಿಟ್ಟು, ತಲೆಬಾಗಿ, ಸುಮ್ಮನೆ ನಿಂತಳು.

ಊಟ ಆಯಿತೇ ಎಂದು ಕಿಯೋ ಕೇಳಿದರು. ಆಗಿಲ್ಲ ಎಂದಳು. ಅನ್ನ, ಉಪ್ಪು ಹಾಕಿದ ಮೀನು ಬಂತು. ತಿಂದು ಮುಗಿಸುವವರೆಗೆ ಇಬ್ಬರೂ ಮಾತಾಡಲಿಲ್ಲ. ಆ ಮನೆಯ ರೀತಿಯೇ ಅದು.

ಹದಿನಾರು ವರ್ಷಗಳ ಹಿಂದೆ ಇದೇ ಹಾಲಿನಲ್ಲಿ ಕಿಯೋ ಇಬ್ಬರು ಹುಡುಗಿಯರನ್ನು ನೆಟ್ಟಿನ ಒಂದೇ ಬದಿಗೆ ನಿಲ್ಲಿಸಿದ್ದರು. ಒಬ್ಬಳು ನಾಗಿಸಾ. ಊಟಕ್ಕೆ ಮಾತ್ರ ಬಾಯಿ ತೆರೆಯುವವಳು. ಇನ್ನೊಬ್ಬಳು ಮಿನೋರಿ. ಊಟ ಮಾಡುವಾಗಲೂ ಮಾತು ನಿಲ್ಲಿಸದವಳು.

ಕಿಯೋರ ಬಳಿ ಒಂದೇ ನಿಯಮ: ಕೋರ್ಟಿನೊಳಗೆ ಜೊತೆಗಾತಿಯೊಂದಿಗೆ ಮಾತಾಡುವಂತಿಲ್ಲ. ನಿನ್ನದೋ ನನ್ನದೋ ಎಂದು ಕೇಳುವಷ್ಟರಲ್ಲಿ ಶಟಲ್ ನೆಲಕ್ಕೆ ಬಿದ್ದಿರುತ್ತದೆ ಎನ್ನುತ್ತಿದ್ದರು. ಮಾತಾಡಿದವಳು ಸಂಜೆ ಹಾಲ್ ಒರೆಸಬೇಕು.

ಮೊದಲ ವರ್ಷವಿಡೀ ಹಾಲ್ ಒರೆಸಿದವಳು ಮಿನೋರಿ.

ಆಮೇಲೆ ಅವಳೂ ಕಲಿತಳು. ಶಾಲೆಯ ತಂಡ ಮುಗಿದು ಇಬ್ಬರೂ ಒಂದೇ ಕಂಪನಿಯ ತಂಡ ಸೇರಿದರು. ಮಧ್ಯಾಹ್ನದವರೆಗೆ ಕಚೇರಿಯಲ್ಲಿ ಕೆಲಸ ಮಾಡುವಂತೆ ಕಾಣುವುದು, ಮಧ್ಯಾಹ್ನದ ಮೇಲೆ ಆಟ. ದೇಶದಲ್ಲಿ ಮೊದಲ ಜೋಡಿಯಾದರು, ವಿಶ್ವದಲ್ಲಿ ನಾಲ್ಕನೆಯದು. ದೇಹ ಎರಡು, ಮನಸ್ಸು ಒಂದು ಎಂದು ಪತ್ರಿಕೆಗಳು ಬರೆದವು. ಗೆಲ್ಲುವ ಯಾವ ಜೋಡಿಯ ಬಗ್ಗೆಯೂ ಪತ್ರಿಕೆಗಳು ಹಾಗೆಯೇ ಬರೆಯುತ್ತವೆ.

ಹೋದ ತಿಂಗಳು ರಸ್ತೆ ದಾಟುವಾಗ ಎಡಗಡೆಯಿಂದ ಬಂದ ಸೈಕಲ್ ಮಿನೋರಿಗೆ ಕಾಣಲಿಲ್ಲ. ಮೊಣಕೈ ತರಚಿತು, ಅಷ್ಟೇ. ಆದರೂ ನಾಗಿಸಾ ಒತ್ತಾಯ ಮಾಡಿ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಮಿನೋರಿಯ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಏನು ಕಾಣುತ್ತಿದೆ ಎಂದರು. ದೀಪ ಯಾಕೆ ಆರಿಸಿದಿರಿ ಎಂದು ಅವಳು ಕೇಳಿದಳು.

ದೀಪ ಉರಿಯುತ್ತಲೇ ಇತ್ತು.

ಆರು ವರ್ಷಗಳ ಹಿಂದೆ ಅಭ್ಯಾಸದಲ್ಲಿ ಒಂದು ಶಟಲ್ ಆ ಕಣ್ಣಿಗೆ ಬಡಿದಿತ್ತು. ಹತ್ತು ದಿನ ಊದಿಕೊಂಡು ಇಳಿಯಿತು, ಎಲ್ಲರೂ ಮರೆತರು. ಒಳಗೆ ಒತ್ತಡ ಏರುತ್ತಾ ಏರುತ್ತಾ ನರ ಸತ್ತಿತ್ತು. ಹೋದ ದೃಷ್ಟಿ ಬರುವುದಿಲ್ಲ. ಎರಡು ವರ್ಷ ಮೊದಲು ಬಂದಿದ್ದರೆ ಬಹಳಷ್ಟು ಉಳಿಸಬಹುದಿತ್ತು ಎಂದರು ಡಾಕ್ಟರು.

ಇಷ್ಟು ದಿನ ನನಗೇ ಹೇಗೆ ಗೊತ್ತಾಗಲಿಲ್ಲ ಎಂದು ಮಿನೋರಿ ಕೇಳಿದಳು. ಬಲಗಣ್ಣು ಸದ್ದಿಲ್ಲದೆ ಎಡಗಣ್ಣಿನ ಕೆಲಸವನ್ನೂ ಮಾಡುತ್ತಿತ್ತು, ಅದಕ್ಕೇ ಗೊತ್ತಾಗಲಿಲ್ಲ ಎಂದು ಅವರು ವಿವರಿಸಿದರು.

ಪಕ್ಕದಲ್ಲಿ ಕೂತಿದ್ದ ನಾಗಿಸಾ ಆ ಮಾತಿಗೆ ಎದ್ದು ಹೊರಗೆ ಹೋದಳು. ನೀರು ಕುಡಿದು ಬಂದಳು.

ಇದಿಷ್ಟನ್ನೂ ಅವಳು ಗುರುವಿಗೆ ಹೇಳಿದಳು. ಕಂಪನಿ ಆಗಲೇ ಹೊಸ ಜೊತೆಗಾತಿಯನ್ನು ಗೊತ್ತುಮಾಡಿದೆ ಎಂದೂ ಹೇಳಿದಳು. ಇಪ್ಪತ್ತು ವರ್ಷದ ಹುಡುಗಿ, ಎರಡೂ ಕಣ್ಣು ಪರೀಕ್ಷೆ ಮಾಡಿಸಿದ್ದಾರೆ.

"ಅಷ್ಟೇನಾ?" ಎಂದರು ಕಿಯೋ.

"ಅಲ್ಲ ಸೆನ್ಸೇ. ನನಗೆ ಗೊತ್ತಿತ್ತು."

ಸೆನ್ಸೇ ಎಂದರೆ ಆ ಕಡೆ ಗುರುವನ್ನು ಕರೆಯುವ ಮಾತು. ಕಿಯೋ ಚಹಾದ ಬಟ್ಟಲು ಕೆಳಗಿಟ್ಟರು.

ಎರಡು ವರ್ಷಗಳ ಹಿಂದೆ ಒಂದು ಕ್ವಾರ್ಟರ್ ಫೈನಲ್‌ನಲ್ಲಿ ಮೂರು ಶಟಲ್‌ಗಳು ಮಿನೋರಿಯ ಎಡ ಭುಜದ ಪಕ್ಕದಲ್ಲೇ ಹಾದುಹೋದವು. ಅವಳು ಕತ್ತು ಕೂಡ ತಿರುಗಿಸಲಿಲ್ಲ. ನಾಗಿಸಾ ಏನೂ ಹೇಳಲಿಲ್ಲ. ಮುಂದಿನ ಸರ್ವ್ ಆದ ಕೂಡಲೇ ಅವಳನ್ನು ಬಲಕ್ಕೆ ಬಿಟ್ಟು ತಾನು ಎಡಕ್ಕೆ ಜಾರಿದಳು. ಅಂದಿನಿಂದ ನೂರಕ್ಕೂ ಹೆಚ್ಚು ಪಂದ್ಯಗಳಲ್ಲಿ ಎಡಗಡೆ ಅವಳದೇ. ಆ ಬಗ್ಗೆ ಇಬ್ಬರ ನಡುವೆ ಒಂದು ಮಾತೂ ಬರಲಿಲ್ಲ. ಅವರು ಅತಿ ಹೆಚ್ಚು ಗೆದ್ದದ್ದು ಆ ಎರಡು ವರ್ಷಗಳಲ್ಲೇ.

"ಹೇಳಬಹುದಿತ್ತು," ಎಂದರು ಕಿಯೋ.

"ಹೇಳಿದ್ದರೆ ಅವಮಾನವಾಗುತ್ತಿತ್ತು."

"ಯಾರಿಗೆ?"

ನಾಗಿಸಾ ಖಾಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ತಾನು ಕೇಳಲು ಬಂದ ಪ್ರಶ್ನೆ ಬೇರೆ ಎಂದಳು. ಆಸ್ಪತ್ರೆಯಿಂದ ಹೊರಗೆ ಬರುವಾಗ ಮಿನೋರಿ ಅವಳ ಕೈ ಹಿಡಿದು, ನಿನಗೇ ಗೊತ್ತಾಗಲಿಲ್ಲ ಅಂದಮೇಲೆ ಇನ್ಯಾರಿಗೆ ಗೊತ್ತಾಗಬೇಕಿತ್ತು ಎಂದಿದ್ದಳು. ಈಗ ತಾಯಿಗೆ, ಕಂಪನಿಯವರಿಗೆ, ನೋಡಲು ಬಂದವರಿಗೆಲ್ಲ ಅದನ್ನೇ ಹೇಳುತ್ತಾಳೆ. ಯಾರ ತಪ್ಪೂ ಇಲ್ಲ ಎನ್ನುವ ಆ ಒಂದು ಮಾತನ್ನು ಹಿಡಿದುಕೊಂಡೇ ಅವಳಿಗೆ ನಿದ್ದೆ ಬರುತ್ತಿದೆ.

"ನಿಜ ಹೇಳಿದರೆ ಅದನ್ನೂ ಕಿತ್ತುಕೊಂಡಂತಾಗುತ್ತದೆ. ಹೇಳದಿದ್ದರೆ ಅವಳು ಕೈ ಹಿಡಿದಾಗಲೆಲ್ಲ ಕೈ ಕೊಡಬೇಕು. ಏನು ಮಾಡಲಿ?"

ಕಿಯೋ ಎದ್ದು ಹೋಗಿ, ಒದ್ದೆ ಬಟ್ಟೆ ತಂದು ಅವಳ ಕೈಗಿಟ್ಟರು.

"ಹಾಲ್ ಒರೆಸು."

ನಾಗಿಸಾ ಒರೆಸಿದಳು. ಇಂಥ ಕಥೆಗಳಲ್ಲಿ ನೆಲ ಒರೆಸುತ್ತಾ ಒರೆಸುತ್ತಾ ಶಿಷ್ಯರ ಕಣ್ಣು ತೆರೆಯುತ್ತದೆ. ನಾಗಿಸಾಗೆ ಸೊಂಟ ನೋವು ಬಂತು.

ಮರುದಿನ ಶನಿವಾರ ಆರು ಮಕ್ಕಳು ಅಭ್ಯಾಸಕ್ಕೆ ಬಂದರು. ಊರಿನಲ್ಲಿ ಉಳಿದಿದ್ದ ಮಕ್ಕಳೇ ಅಷ್ಟು. ಇಬ್ಬರು ಹುಡುಗಿಯರ ನಡುವೆ ಒಂದು ಶಟಲ್ ಇಳಿಯಿತು. ಇಬ್ಬರೂ ಅದನ್ನು ನೋಡಿದರು, ಇಬ್ಬರೂ ಇನ್ನೊಬ್ಬಳಿಗೆ ಬಿಟ್ಟರು. ಅದು ಬಿದ್ದ ಮೇಲೆ ಚಿಕ್ಕವಳು ಏನೋ ಹೇಳಲು ಬಾಯಿ ತೆರೆದು, ಕಿಯೋರ ಕಡೆ ನೋಡಿ, ನುಂಗಿಕೊಂಡಳು.

ಕಿಯೋ ಕಿಟಕಿಯ ಕಡೆ ತಿರುಗಿದರು. ಕಿಟಕಿಯಾಚೆ ಹೊಳೆ ಬಿಟ್ಟರೆ ನೋಡುವಂಥದ್ದು ಏನೂ ಇರಲಿಲ್ಲ.

ಮಕ್ಕಳು ಹೋದ ಮೇಲೆ ನಾಗಿಸಾ ಮತ್ತೆ ಅದೇ ಪ್ರಶ್ನೆ ಕೇಳಿದಳು. ನಾಳೆ ಬೆಳಿಗ್ಗೆ ಮಿನೋರಿ ಬರುತ್ತಾಳೆ, ಸುಮ್ಮನೆ ಆಡೋಣ ಬಾ ಅಂತ ಫೋನ್ ಮಾಡಿದ್ದೇನೆ ಎಂದರು ಕಿಯೋ.

ನಾಗಿಸಾಗೆ ಸಿಟ್ಟು ಬಂತು. ಗುರುವಿನ ಮುಂದೆ ಅವಳು ಅದನ್ನು ಮೊದಲ ಸಲ ತೋರಿಸಿದಳು.

"ನಾನು ಕೇಳಿದ್ದು ನಿಮ್ಮ ಸಲಹೆಯನ್ನು. ಅವಳನ್ನು ಕರೆಸಿ ಅಂತ ಅಲ್ಲ."

"ಸಲಹೆ ನನ್ನ ಹತ್ತಿರ ಇಲ್ಲ," ಎಂದರು ಕಿಯೋ. "ಶಟಲ್ ಇವೆ."

ಭಾನುವಾರ ಹತ್ತೂವರೆಯ ಬಸ್ಸಿನಲ್ಲಿ ಮಿನೋರಿ ಬಂದಳು. ಅವಳಿಗಿಂತ ಮೊದಲು ಅವಳ ದನಿ ಬಂತು. ಎಡಗಡೆಯಿಂದ ಬರುವವರೆಲ್ಲ ಈಗ ತನಗೆ ದೆವ್ವಗಳೇ, ಇದ್ದಕ್ಕಿದ್ದಂತೆ ಪ್ರತ್ಯಕ್ಷವಾಗುತ್ತಾರೆ ಎಂದಳು. ಕಂಪನಿಯವರು ಕರುಣೆಯಿಂದ ಸ್ವಾಗತದ ಮೇಜಿಗೆ ಹಾಕಿದ್ದಾರಂತೆ. ಅಲ್ಲಿ ದಿನಕ್ಕೆ ನಾಲ್ಕು ಜನ ಬರುತ್ತಾರೆ, ಅವರಲ್ಲಿ ಇಬ್ಬರು ದಾರಿ ತಪ್ಪಿ ಬಂದವರು. ಸೆನ್ಸೇ ಇನ್ನೂ ಬದುಕಿದ್ದೀರಲ್ಲ, ಆಶ್ಚರ್ಯ ಎಂದಳು. ಇವತ್ತಾದರೂ ಕೋರ್ಟಿನಲ್ಲಿ ಮಾತಾಡಬಹುದೋ, ಈ ವಯಸ್ಸಿನಲ್ಲೂ ನೆಲ ಒರೆಸಬೇಕೋ ಎಂದು ಕೇಳಿದಳು.

ಇವತ್ತು ಮಾತಾಡಬಹುದು ಎಂದರು ಕಿಯೋ.

ಅವರು ಒಂದು ಬುಟ್ಟಿ ಶಟಲ್ ಎತ್ತಿಕೊಂಡು ನೆಟ್ಟಿನ ಆಚೆ ಬದಿಗೆ ಹೋದರು. ಮಿನೋರಿಯನ್ನು ಎಡ ಅರ್ಧಕ್ಕೆ ನಿಲ್ಲಿಸಿದರು, ನಾಗಿಸಾಳನ್ನು ಬಲ ಅರ್ಧಕ್ಕೆ.

"ನಾಗಿಸಾ, ನಡುಗೆರೆ ದಾಟಬೇಡ."

ಮೊದಲನೆಯದನ್ನು ಮಿನೋರಿಯ ಬಲಗಡೆಗೆ ಹೊಡೆದರು. ಅವಳು ಲೀಲಾಜಾಲವಾಗಿ ಹಿಂದಿರುಗಿಸಿದಳು. ಕೈಗಳು ಏನನ್ನೂ ಮರೆತಿರಲಿಲ್ಲ.

ಎರಡನೆಯದು ಎಡಗೆರೆಯ ಕಡೆ ಹೋಯಿತು. ತನಗೇ ಅರಿವಾಗುವ ಮೊದಲು ನಾಗಿಸಾ ನಡುಗೆರೆ ದಾಟಿ, ಜೊತೆಗಾತಿಯ ಬೆನ್ನ ಹಿಂದಿನಿಂದ ಹಾದು, ಅದನ್ನು ಎತ್ತಿ ಆಚೆಗೆ ಕಳಿಸಿದ್ದಳು. ಕಿಯೋ ಅದನ್ನು ಕೈಯಲ್ಲಿ ಹಿಡಿದರು.

"ದಾಟಬೇಡ ಅಂದೆ."

ಮತ್ತೆ ಹೊಡೆದರು. ಮತ್ತೆ ದಾಟಿದಳು. ಮಿನೋರಿ ನಕ್ಕು, ಬಿಡಿ ಸೆನ್ಸೇ, ಇವಳ ಕಾಲಿಗೆ ಹೇಳಿದರೆ ಕೇಳುವುದಿಲ್ಲ, ಇಷ್ಟು ವರ್ಷ ನನ್ನ ಅನ್ನ ಆ ಕಾಲುಗಳದ್ದೇ ಎಂದಳು.

ನಾಲ್ಕನೆಯ ಸಲ ನಾಗಿಸಾ ಶೂ ಒಳಗೆ ಬೆರಳುಗಳನ್ನು ಮಡಚಿ ನೆಲಕ್ಕೆ ಒತ್ತಿ ನಿಂತಳು. ಶಟಲ್ ಮಿನೋರಿಯ ಎಡ ಭುಜ ದಾಟಿ ಹೋಗಿ ಬಿತ್ತು. ಶಟಲ್ ಬಿದ್ದರೆ ದೊಡ್ಡ ಸದ್ದೇನೂ ಆಗುವುದಿಲ್ಲ. ಖಾಲಿ ಹಾಲಿನಲ್ಲಿ ಮಾತ್ರ ಕೇಳಿಸುತ್ತದೆ.

ಮಿನೋರಿ ರಾಕೆಟ್ ಎತ್ತಿಕೊಂಡು ನೆಟ್ಟನ್ನೇ ನೋಡುತ್ತಾ ನಿಂತಿದ್ದಳು.

"ಎಲ್ಲಿಗೆ ಹೋಯಿತು?"

ಕಿಯೋ ಇನ್ನೊಂದು ಹೊಡೆದರು. ಮತ್ತೊಂದು. ಆರನೆಯದರ ಹೊತ್ತಿಗೆ ಮಿನೋರಿ ಮಾತು ನಿಲ್ಲಿಸಿದಳು. ಹತ್ತನೆಯದರ ಹೊತ್ತಿಗೆ ರಾಕೆಟ್ ಇಳಿಸಿದಳು. ಕಿಯೋ ನಿಲ್ಲಿಸಲಿಲ್ಲ. ನಾಗಿಸಾ ಬಲ ಅರ್ಧದಲ್ಲಿ ನಿಂತೇ ಇದ್ದಳು. ಹದಿನಾರು ವರ್ಷ ಓಡಿದ ಕಾಲುಗಳಿಗೆ ನಿಲ್ಲುವುದು ಬರುತ್ತಿರಲಿಲ್ಲ.

ಬುಟ್ಟಿ ಖಾಲಿಯಾಯಿತು.

ಮಿನೋರಿ ಎಡಕ್ಕೆ ತಿರುಗಿದಳು. ಕತ್ತು ತಿರುಗಿಸಿದರೆ ಸಾಲದೆಂದು ಇಡೀ ಮೈಯನ್ನೇ ತಿರುಗಿಸಬೇಕಾಯಿತು. ಗೆರೆಯುದ್ದಕ್ಕೂ ಶಟಲ್‌ಗಳು ಬಿದ್ದಿದ್ದವು. ಅವಳು ಬಗ್ಗಿ ಒಂದೊಂದನ್ನೇ ಆರಿಸಿ ಅಂಗಿಯ ಮಡಿಲಿಗೆ ಹಾಕಿಕೊಂಡಳು. ಬಹಳ ಹೊತ್ತು ಹಿಡಿಯಿತು.

"ಇವು ಮೊದಲೂ ಬರುತ್ತಿದ್ದವಾ?"

"ಬರುತ್ತಿದ್ದವು," ಎಂದಳು ನಾಗಿಸಾ.

"ನೀನು ತಗೊಳ್ತಿದ್ದೆ."

"ಹೌದು."

"ನನಗೆ ಕಾಣದ್ದೆಲ್ಲ ನಿನ್ನ ಪಾಲಿನದು ಅಂದುಕೊಂಡಿದ್ದೆ. ಅದನ್ನೇ ಹೊಂದಾಣಿಕೆ ಅಂತಾರೆ ಅಂದುಕೊಂಡಿದ್ದೆ." ಮಿನೋರಿ ಮಡಿಲನ್ನು ನೋಡಿಕೊಂಡಳು. "ಯಾವಾಗಿನಿಂದ?"

ಈಚೆಗೆ ಎಂದಿದ್ದರೆ ಸಾಕಿತ್ತು. ಮಿನೋರಿ ನಂಬುತ್ತಿದ್ದಳು. ನಂಬಲು ಕಾಯುತ್ತಲೂ ಇದ್ದಳು. ನಾಗಿಸಾ ಗುರುವಿನ ಕಡೆ ನೋಡಿದಳು. ಕಿಯೋ ನೆಟ್ಟಿನ ಹಗ್ಗ ಬಿಚ್ಚುತ್ತಿದ್ದರು, ಇತ್ತ ನೋಡಲಿಲ್ಲ.

"ಎರಡು ವರ್ಷದ ಮೇಲಾಯಿತು," ಎಂದಳು ನಾಗಿಸಾ. "ನಿನಗೆ ಸೋಮಾರಿತನ ಬಂದಿದೆ ಅಂದುಕೊಂಡೆ. ಕೇಳಲಿಲ್ಲ. ಕೇಳದೆ ನಿಭಾಯಿಸುತ್ತಿದ್ದೇನೆ ಅಂತ ಹೆಮ್ಮೆಪಟ್ಟೆ. ಪ್ರತಿ ಪಂದ್ಯದಲ್ಲೂ."

ಮಿನೋರಿ ಕೂಗಾಡಲಿಲ್ಲ.

"ಎರಡು ವರ್ಷ ಅಂತ ಡಾಕ್ಟರು ಹೇಳಿದ್ದು ನಿನಗೂ ಕೇಳಿಸಿತ್ತು."

"ಕೇಳಿಸಿತ್ತು."

"ಆಮೇಲೂ ನಾನು ಕೈ ಹಿಡಿದರೆ ನೀನು ಕೊಟ್ಟೆ."

ನಾಗಿಸಾ ತಲೆ ತಗ್ಗಿಸಿದಳು. ಮಿನೋರಿ ಕಿಯೋರ ಕಡೆ ತಿರುಗಿ, ನಿಮಗೂ ಗೊತ್ತಿತ್ತೇ ಎಂದಳು.

ಕಥೆಗಳಲ್ಲಿ ಗುರುಗಳಿಗೆ ದಿವ್ಯದೃಷ್ಟಿ ಇರುತ್ತದೆ. ಕಿಯೋರ ಬಳಿ ಟೀವಿ ಇತ್ತು.

"ನಾಗಿಸಾ ಎಡಕ್ಕೆ ಜಾರುವುದು ಟೀವಿಯಲ್ಲಿ ಕಾಣುತ್ತಿತ್ತು," ಎಂದರು. "ಯಾಕೆ ಅಂತ ನಾನೂ ಕೇಳಲಿಲ್ಲ. ಎಂಥ ಜೋಡಿ ಕಟ್ಟಿದೆ ಅಂದುಕೊಂಡು ಚಹಾ ಕುಡಿದೆ."

ಮಿನೋರಿ ಮಡಿಲಲ್ಲಿದ್ದ ಶಟಲ್‌ಗಳನ್ನು ಬುಟ್ಟಿಗೆ ಸುರಿದಳು. ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು. ಹನ್ನೆರಡು ಇಪ್ಪತ್ತಕ್ಕೆ ಎಂದರು ಕಿಯೋ. ಅವಳು ಶೂ ಹಾಕಿಕೊಂಡು, ಚೀಲ ಎತ್ತಿಕೊಂಡು, ತಲೆಬಾಗದೆ ಹೊರಟಳು. ಹೊಳೆಯ ಪಕ್ಕದ ದಾರಿಯಲ್ಲಿ ತಲೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿಕೊಂಡು ನಡೆದಳು. ಅದು ಹೊಸದಾಗಿ ಕಲಿತ ನಡಿಗೆ.

ನಾಗಿಸಾ ಬಾಗಿಲಲ್ಲಿ ನಿಂತು ನೋಡಿದಳು. ಮಿನೋರಿ ಮರೆಯಾದ ಮೇಲೂ ನಿಂತಿದ್ದಳು.

"ಅವಳ ಹತ್ತಿರ ಉಳಿದದ್ದು ಆ ಒಂದೇ ಸಮಾಧಾನ. ಅದನ್ನೂ ನನ್ನ ಕೈಯಿಂದಲೇ ತೆಗೆಸಿದಿರಿ."

"ಹೌದು," ಎಂದರು ಕಿಯೋ.

"ಮಾತಾಡಬೇಡಿ ಅಂದವರೂ ನೀವೇ."

"ಹೌದು."

"ತಪ್ಪು ಕಲಿಸಿದಿರಿ, ಸೆನ್ಸೇ."

"ಮುನ್ನೂರು ಮಕ್ಕಳಿಗೆ ಕಲಿಸಿದೆ," ಎಂದರು ಕಿಯೋ. "ಗೆಲ್ಲುತ್ತಿದ್ದವರು ಯಾರೂ ದೂರು ಹೇಳಲಿಲ್ಲ."

ಅವರು ನೆಟ್ಟನ್ನು ಮಡಚತೊಡಗಿದರು. ನಾಗಿಸಾ ಹೋಗಿ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಅದನ್ನು ಮಡಚಿ ಮುಗಿಸಿದರು. ಅವಳು ಕ್ಷಮಿಸುತ್ತಾಳೆಯೇ ಎಂದು ನಾಗಿಸಾ ಕೇಳಿದಳು. ಕಿಯೋ ತಮಗೆ ಗೊತ್ತಿಲ್ಲ ಎಂದರು. ಬಹುಶಃ ಕ್ಷಮಿಸಲಿಕ್ಕಿಲ್ಲ ಎಂದೂ ಸೇರಿಸಿದರು.

"ಹಾಗಾದರೆ ಈಗ ಹೋಗಿ ಅವಳಿಗೆ ಏನು ಹೇಳಲಿ?"

ಕಿಯೋ ಗೋಡೆಯ ಗಡಿಯಾರ ನೋಡಿದರು.

"ಬಸ್ಸಿಗೆ ಇನ್ನೂ ಕಾಲು ಗಂಟೆ ಇದೆ. ಹೋಗಿ ಅವಳ ಬಲಗಡೆ ಕೂತುಕೋ. ಬೈಯುವಾಗ ಅವಳಿಗೆ ನಿನ್ನ ಮುಖ ಕಾಣಬೇಕು."