ದೊರೆ ಸುತ್ತಿದ ಕಟ್ಟೆ

ಹಾಲಗೊಂಡನಹಳ್ಳಿ ಕೆರೆಯ ಏರಿಯ ಮೇಲೆ ಒಂದು ಹಳೆಯ ಅರಳಿಮರವಿದೆ. ಅದರ ಬುಡದ ಕಲ್ಲುಕಟ್ಟೆಗೆ ಊರವರು ‘ದೊರೆ ಸುತ್ತಿದ ಕಟ್ಟೆ’ ಎನ್ನುತ್ತಾರೆ. ದೊರೆಯೆಂದರೆ ಕತ್ತಿ, ಕಿರೀಟ ಎಂದುಕೊಂಡು ಬಂದವರಿಗೆ ನಿರಾಸೆಯೇ ಗತಿ. ಈತ ಸ್ಕಾಟ್ಲೆಂಡಿನ ದೊಡ್ಡ ಮನೆತನದವನು. ಹೆಸರು ಗ್ಲೆನ್‌ಹಾರಿ, ನಮ್ಮವರ ನಾಲಿಗೆಯಲ್ಲಿ ಗಿಲ್ಲಾರಿ. ಹಿಂದೆ ಪರಂಗಿಯವರ ಕಾಲದಲ್ಲಿ ಕೆರೆಯಾಚೆಯ ಬಂಗಲೆಯಲ್ಲಿದ್ದನಂತೆ. ಬೇಟೆಯ ಹುಚ್ಚಿಲ್ಲ, ಕುಡಿತದ ಹುಚ್ಚಿಲ್ಲ, ಇದ್ದದ್ದೆಲ್ಲ ಸಂಗೀತದ ಹುಚ್ಚು. ವೈಣಿಕರು ಬರಲಿ, ತಂಬೂರಿ ದಾಸಯ್ಯ ಬರಲಿ, ಕೂರಿಸಿ ಕೇಳಿ, ಉಣಿಸಿ, ಶಾಲು ಹೊದಿಸಿ ಕಳಿಸುತ್ತಿದ್ದ.

ಅವನಿಗೆ ಎಲ್ಲಕ್ಕಿಂತ ಮೆಚ್ಚು ನರಸಿಂಹದೇವರ ಗುಡಿಯ ಓಲಗ. ಭಜಂತ್ರಿ ಚೆಂಚಪ್ಪ ಓಲಗ ಊದಿದರೆ ಅವನ ತಮ್ಮ ಮಾರಪ್ಪ ಶ್ರುತಿ ಹಿಡಿಯುತ್ತಿದ್ದ. ಆಡಿನ ತೊಗಲಿನ ತಿತ್ತಿಗೆ ಉಸಿರು ತುಂಬಿ, ಕಂಕುಳಲ್ಲಿ ಅಮುಕುತ್ತ, ಒಂದೇ ಸ್ವರವನ್ನು ನಿಲ್ಲಿಸುವ ಕೆಲಸ ಅದು. ತನ್ನ ತಂದೆಯ ಅಂಗಳದಲ್ಲೂ ಇಂಥದೇ ಚೀಲದ ವಾದ್ಯವಿತ್ತು, ತಾನೂ ಕಲಿತಿದ್ದೆ ಎಂದು ದೊರೆ ಹೇಳುತ್ತಿದ್ದ. ಚೆಂಚಪ್ಪ ಹೂಂಗುಟ್ಟುತ್ತಿದ್ದನೇ ಹೊರತು ನಂಬಿರಲಿಲ್ಲ. ದೊಡ್ಡವರ ಮಾತಿಗೆ ಇಲ್ಲವೆನ್ನಲು ಯಾರಿಗೆ ಧೈರ್ಯ?

ಗುಡಿಗೊಂದು ಕಟ್ಟಳೆಯಿತ್ತು. ವರ್ಷಕ್ಕೊಮ್ಮೆ ದೇವರನ್ನು ಈ ಕಟ್ಟೆಯ ಮೇಲೆ ಕೂರಿಸಿ ಕೆರೆಯ ನೀರೆರೆಯುವಾಗ, ಮೊದಲ ಕೊಡದಿಂದ ಮಂಗಳಾರತಿಯವರೆಗೆ ಶ್ರುತಿ ತುಂಡಾಗಕೂಡದು. ತುಂಡಾದರೆ ಓಲಗದ ಮನೆಯವರ ಸೇವೆ ಅಂದಿಗೇ ಕೊನೆ. ದೊರೆಯಿದ್ದ ಕಾಲದಲ್ಲೇ ಒಮ್ಮೆ, ಜ್ವರವನ್ನು ಮುಚ್ಚಿಟ್ಟು ಬಂದಿದ್ದ ಮಾರಪ್ಪ ಅಭಿಷೇಕದ ನಡುವೆಯೇ ಕಣ್ಣು ಕತ್ತಲಿಟ್ಟು ಕುಸಿದುಬಿದ್ದ. ತಿತ್ತಿಯೊಳಗೆ ಉಳಿದಿದ್ದ ಗಾಳಿ ಇಳಿಯತೊಡಗಿತು. ಚೆಂಚಪ್ಪ ಕೂಗುವಂತಿಲ್ಲ, ಓಲಗ ಬಿಡುವಂತಿಲ್ಲ. ಅಜ್ಜನ ಕಾಲದ ಸೇವೆ ಕಣ್ಣೆದುರೇ ಕೈಜಾರುತ್ತಿದೆ. ಅಷ್ಟರಲ್ಲಿ ಓಲಗ ಕೇಳಲು ಬಂದು ಬರಿಗಾಲಲ್ಲಿ ನಿಂತಿದ್ದ ದೊರೆ ಜನರನ್ನು ಸರಿಸಿ ಬಂದು, ತಿತ್ತಿಯನ್ನೆತ್ತಿ ಕಂಕುಳಿಗೇರಿಸಿ ಊದಿಯೇಬಿಟ್ಟ. ಸೊರಗುತ್ತಿದ್ದ ಸ್ವರ ಮತ್ತೆ ತುಂಬಿಕೊಂಡಿತು.

ಆದರೆ ಅವರ ಸೀಮೆಯಲ್ಲಿ ಆ ವಾದ್ಯವನ್ನು ನಡೆಯುತ್ತ ಊದುವುದು ರೂಢಿ. ನಿಂತು ಊದಲು ಬಾರದ ದೊರೆ ಕಟ್ಟೆಯನ್ನು ಸುತ್ತತೊಡಗಿದ. ಶ್ರುತಿ ಬಿಟ್ಟು ಓಲಗವುಂಟೇ? ಚೆಂಚಪ್ಪ ಬೆನ್ನುಹತ್ತಿದ. ಅವನ ಹಿಂದೆ ಡೋಲಿನವನು. ವಾದ್ಯ ಹೊರಟ ಮೇಲೆ ಜನ ನಿಲ್ಲುತ್ತಾರೆಯೇ? ಇದೂ ಒಂದು ಶಾಸ್ತ್ರವಿರಬೇಕೆಂದು ಊರಿಗೆ ಊರೇ ಕೈಮುಗಿದು ಹಿಂದೆ ನಡೆಯಿತು.

ಮಂಗಳಾರತಿಯಾದ ಮೇಲೆ ಪಟೇಲ ಕೆಂಗೇಗೌಡರು ತಗಾದೆ ತೆಗೆದರು. “ದೇವ್ರ ವಾದ್ಯಕ್ಕೆ ಪರಂಗಿ ಬಾಯಿ! ಮೈಲಿಗೆ ಆಗ್ಲಿಲ್ವಾ?”

ಅರ್ಚಕ ಅಳಸಿಂಗಯ್ಯನವರು ಆರತಿ ತಟ್ಟೆ ಕೆಳಗಿಟ್ಟು, “ಅವರ ಹಿಂದೆ ನೀವೇ ಮೊದಲು ಪ್ರದಕ್ಷಿಣೆ ಬಂದ್ರಲ್ಲ ಗೌಡ್ರೇ. ಮೈಲಿಗೆ ಅಂದ್ರೆ ಈಗ ಯಾರ್ಯಾರಿಗೆ ಅನ್ನೋಣ?” ಎಂದರು. ಗೌಡರು ತೀರ್ಥಕ್ಕೆ ಕೈಯೊಡ್ಡಿದರು.

ಏದುಸಿರು ಬಿಡುತ್ತಿದ್ದ ದೊರೆ, “ತಪ್ಪಾಯಿತೇ ಚೆಂಚಪ್ಪ?” ಎಂದು ಕೇಳಿದ.

“ಇಲ್ಲ ಬುದ್ಧಿ, ನಮ್ಮನೆ ಉಳೀತು,” ಎಂದವನೇ ಚೆಂಚಪ್ಪ ಗಳಗಳನೆ ಅತ್ತುಬಿಟ್ಟ. ಅತ್ತ ಮೇಲೆ ಅವನಿಗೆ ನಗುವೂ ಬಂತಂತೆ.

ಇಂದಿಗೂ ದೇವರಿಗೆ ನೀರೆರೆಯುವ ದಿನ ಇಲ್ಲಿ ಶ್ರುತಿಯವನು ನಿಲ್ಲುವುದಿಲ್ಲ. ಕಟ್ಟೆಯ ಸುತ್ತ ನೆಲ ಸವೆದು ತಗ್ಗಾಗಿದೆ. ಅದೇಕೆಂದು ಹೊಸಬರು ಕೇಳಿದರೆ, ತಿತ್ತಿ ಊದುತ್ತಿರುವ ಚೆಂಚಪ್ಪನ ವಂಶದವನು ಮಾತಾಡಲಾರ. ಹಿಂದೆ ಬನ್ನಿ ಎಂದು ಕಣ್ಣಲ್ಲೇ ಕರೆಯುತ್ತಾನೆ.